ಹಗಲುವೇಷದವರ ಜೊತೆ ಹಾಡು-ನಾಟಕ: ಹಬೀಬ್ ತನ್ವೀರ್ ಅವರಿಂದ ಏನು ಕಲಿಯಬಹುದು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಾಲಾ ಮಾಸ್ತರ. ಹವ್ಯಾಸಿ ತಂಡ ಕಟ್ಟಿಕೊಂಡಿದ್ದೇವೆ. ಹಾಡು ಬರೆದು ರಾಗ ಹಾಕುವುದು ನನ್ನ ಕೆಲಸ. ಊರಂಚಿನಲ್ಲಿ ಹಗಲುವೇಷ ಹಾಕುವ ನಾಲ್ಕೈದು ಮನೆಗಳಿವೆ. ಅವರ ಕಷ್ಟದ ಬದುಕಿನ ಮೇಲೆ, ಅವರನ್ನೇ ಸೇರಿಸಿಕೊಂಡು, ಹಾಡು ತುಂಬಿದ ನಾಟಕ ಮಾಡಬೇಕು ಅಂತ ಆಸೆ. ಯಾರನ್ನು ಕೇಳಿದರೂ ನಾಟಕ ನಿರ್ದೇಶಕ ಹಬೀಬ್ ತನ್ವೀರ್ ಹೆಸರು ಹೇಳುತ್ತಾರೆ. ಅವರಿಗೆ ಪ್ರೇರಣೆ ಎಲ್ಲಿಂದ ಬಂತು? ಹಳ್ಳಿಯ ಕಲಾವಿದರ ಜೊತೆ ಹೇಗೆ ಕೆಲಸ ಮಾಡಿದರು? ನಾನು ಆ ಸಮುದಾಯದವನಲ್ಲ. ನಾನು ಇದಕ್ಕೆ ಕೈ ಹಾಕಬಹುದಾ?

ಉತ್ತರ: ಮಾಸ್ತರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೈ ಹಾಕಬಹುದು. ಹಬೀಬ್ ತನ್ವೀರ್ ಕೂಡ ತಮ್ಮ ನಟರ ಸಮುದಾಯದವರಲ್ಲ. ರಾಯಪುರದ ಒಂದು ಮುಸ್ಲಿಂ ಮನೆಯಲ್ಲಿ 1923ರಲ್ಲಿ ಹುಟ್ಟಿದವರು. ಕಾಲೇಜು ಓದಿದವರು, ಉರ್ದುವಿನಲ್ಲಿ ಕವಿತೆ ಬರೆಯುತ್ತಿದ್ದವರು. ಅವರ ನಟರೋ, ಛತ್ತೀಸಗಡದ ಹಳ್ಳಿಗಳಲ್ಲಿ ಹೊಲ ಗದ್ದೆ ಮಾಡಿಕೊಂಡು, ರಾತ್ರಿ ಹೊತ್ತು ನಾಚಾ ಅನ್ನುವ ಜನಪದ ಆಟ ಆಡುತ್ತಿದ್ದ ಜನ. ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ.

ಆದರೆ ಅವರಿಂದ ಕಲಿಯುವುದಾದರೆ ಮೊದಲು ಅವರು ಮಾಡಿದ ತಪ್ಪನ್ನು ಕಲಿಯಿರಿ. ಆ ತಪ್ಪು ಸರಿಹೋಗಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಅದನ್ನು ಅವರು ಮುಚ್ಚಿಡಲಿಲ್ಲ. ಕೇಳಿದವರಿಗೆಲ್ಲ ತಾವೇ ಹೇಳುತ್ತಿದ್ದರು.

1955ರಲ್ಲಿ ಅವರು ನಾಟಕ ಕಲಿಯಲು ಲಂಡನ್ನಿಗೆ ಹೋದರು. ಅಲ್ಲಿಂದ ಯುರೋಪು ಸುತ್ತುತ್ತಾ ಬರ್ಲಿನ್ ಸೇರಿದರು. ಜರ್ಮನಿಯ ನಾಟಕಕಾರ ಬ್ರೆಕ್ಟ್ ಅವರನ್ನು ನೋಡಬೇಕೆಂಬ ಆಸೆ. ಆದರೆ ಇವರು ಹೋಗುವ ಹೊತ್ತಿಗೆ ಬ್ರೆಕ್ಟ್ ತೀರಿಕೊಂಡಿದ್ದರು, ಅದು 1956. ಆದರೂ ತಿಂಗಳುಗಟ್ಟಲೆ ಅಲ್ಲೇ ಇದ್ದು ಅವರ ತಂಡದ ನಾಟಕಗಳನ್ನು ನೋಡಿದರು. 1958ರಲ್ಲಿ ಊರಿಗೆ ಬಂದಾಗ ರಾಯಪುರದ ಶಾಲಾ ಮೈದಾನದಲ್ಲಿ ನಾಚಾ ಆಟ ನಡೆಯುತ್ತಿತ್ತು. ರಾತ್ರಿ ಕೂತವರು ಬೆಳಗಿನವರೆಗೆ ಎದ್ದೇಳಲಿಲ್ಲ. ನಮ್ಮ ದೊಡ್ಡಾಟ, ಸಣ್ಣಾಟಗಳ ಹಾಗೆ ಅದೂ ರಾತ್ರಿಯಿಡೀ ನಡೆಯುವ ಆಟ. ಜೋಕ್ಕರ್ ಅಂತ ನಗಿಸುವವನೊಬ್ಬ, ಪರೀ ಅಂತ ಹೆಣ್ಣು ವೇಷದ ಗಂಡಸೊಬ್ಬ, ನಡುನಡುವೆ ಹಾಡು, ಕುಣಿತ, ಚಿಕ್ಕ ಚಿಕ್ಕ ಹಾಸ್ಯದ ಕಥೆಗಳು. ಬೆಳಗಾಗುವಷ್ಟರಲ್ಲಿ ಹಬೀಬ್ ನಿರ್ಧಾರ ಮಾಡಿಬಿಟ್ಟಿದ್ದರು. ಠಾಕುರ್ ರಾಮ್, ಭುಲ್ವಾ ರಾಮ್, ಲಾಲೂ ರಾಮ್ ಸೇರಿ ಆರು ಮಂದಿ ಕಲಾವಿದರನ್ನು ದಿಲ್ಲಿಗೆ ಕರೆದುಕೊಂಡು ಹೋದರು. ಶೂದ್ರಕನ ಮೃಚ್ಛಕಟಿಕವನ್ನು 'ಮಿಟ್ಟಿ ಕೀ ಗಾಡಿ' ಅಂತ ಆಡಿಸಿದರು. ಮರುವರ್ಷ, 1959ರಲ್ಲಿ, ಹೆಂಡತಿ ಮೋನಿಕಾ ಮಿಶ್ರಾ ಜೊತೆ ಸೇರಿ 'ನಯಾ ಥಿಯೇಟರ್' ಕಟ್ಟಿದರು.

ಎಡವಿದ್ದು ಇಲ್ಲೇ. ಊರಿನಲ್ಲಿ ಇಡೀ ರಾತ್ರಿ ಜನರನ್ನು ಹಿಡಿದು ಕೂರಿಸುತ್ತಿದ್ದ ನಟರು ದಿಲ್ಲಿಯ ರಂಗದ ಮೇಲೆ ಮರಗಟ್ಟಿದರು. ಯಾಕೆ? ಒಂದನೆಯದು ಮಾತು. ಅವರದು ಛತ್ತೀಸಗಡಿ. ಇವರು ಆಡಿಸಿದ್ದು ಹಿಂದಿ. ನಾಲಿಗೆ ತಪ್ಪಬಾರದು ಅಂತ ಹೆದರಿಕೊಂಡೇ ಮಾತಾಡುವವನು ನಗಿಸುವುದು ಹೇಗೆ? ಎರಡನೆಯದು ನಡೆ. ಲಂಡನ್ನಿನಲ್ಲಿ ಕಲಿತು ಬಂದ ಹಾಗೆ, ಈ ಸಾಲಿಗೆ ಇಲ್ಲಿ ನಿಲ್ಲು, ಆ ಸಾಲಿಗೆ ಅಲ್ಲಿಗೆ ಹೋಗು ಅಂತ ಗೆರೆ ಹಾಕಿಕೊಟ್ಟರು. ನಾಚಾದಲ್ಲಿ ಜನ ಮೂರು ಕಡೆ ಕೂತಿರುತ್ತಾರೆ. ಯಾವ ಕಡೆಯಿಂದ ನಗು ಬಂತೋ ನಟ ಅತ್ತ ಹೋಗುತ್ತಾನೆ. ಜನಕ್ಕೆ ಹಿಡಿಸಿದ ಮಾತನ್ನು ಇನ್ನೊಮ್ಮೆ ಹೇಳುತ್ತಾನೆ. ಅವನಿಗೆ ದಾರಿ ತೋರಿಸುವುದು ಎದುರಿಗಿರುವ ಜನ. ಗೆರೆ ಹಾಕಿದ್ದೇ ಆ ದಾರಿ ಮುಚ್ಚಿಹೋಯಿತು.

ಇದು ಎಷ್ಟು ನಿಜ ಅಂತ ನಾನು ನನ್ನ ಕಣ್ಣಿಂದಲೇ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಕಮ್ಮಟಕ್ಕೆ ಸಂಗೀತ ಮಾಡಲು ಹೋಗಿದ್ದೆ. ಚೌಡಿಕೆ ಅನ್ನುವ ತಂತಿವಾದ್ಯ ನುಡಿಸಿ ಪದ ಹಾಡುವ ಅಜ್ಜಿಯೊಬ್ಬರನ್ನು ಕರೆಸಿದ್ದರು. ರಂಗದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿ ನಿಂತು ಹಾಡಿ ಅಂದರು, ಬೆಳಕು ಬೀಳುವುದು ಅಲ್ಲೇ ಅಂತ. ಅಜ್ಜಿ ನಿಂತರು, ಹಾಡಿದರು. ದನಿ ಗಂಟಲಲ್ಲೇ ಉಳಿಯಿತು. ನಾನು ಹಾರ್ಮೋನಿಯಂ ಹಿಡಿದು ಶ್ರುತಿ ಕೊಡಲು ಹೋದೆ. ಅವರ ಶ್ರುತಿ ಕರಿ ಮನೆ ಎರಡಕ್ಕೂ ಅದರ ಪಕ್ಕದ ಬಿಳಿ ಮನೆ ಮೂರಕ್ಕೂ ನಡುವೆ ಎಲ್ಲೋ ಇತ್ತು. ನನ್ನ ಪೆಟ್ಟಿಗೆಯಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ. ನಾನು ಅವರನ್ನು ಬಿಳಿ ಮೂರಕ್ಕೆ ಎಳೆದೆ. ಪಾಪ, ಬಂದರು. ಹಾಡು ಇನ್ನೂ ಬಡವಾಯಿತು.

ಚಹಾದ ಹೊತ್ತಿಗೆ ಅವರು ಅಡಿಗೆಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಅಡಿಗೆಯ ಹೆಣ್ಣುಮಕ್ಕಳು ಒಂದು ಪದ ಹೇಳವ್ವಾ ಅಂದರು. ಅಜ್ಜಿ ಚೌಡಿಕೆ ಎತ್ತಿಕೊಂಡರು, ಜೊತೆಯವರು ತುಂತುಣಿ ಮೀಟಿದರು. ಒಂದು ಮುಖ ನೋಡುತ್ತಾರೆ, ಹೆಸರು ಕೇಳುತ್ತಾರೆ, ಆ ಹೆಸರನ್ನು ಪದದೊಳಕ್ಕೆ ಎಳೆದುಕೊಳ್ಳುತ್ತಾರೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ರಂಗದ ಮೇಲೆ ನಾಲ್ಕು ನಿಮಿಷಕ್ಕೆ ಮುಗಿದಿದ್ದ ಅದೇ ಪದ ಅಲ್ಲಿ ಹನ್ನೊಂದು ನಿಮಿಷ ನಡೆಯಿತು. ಆಗ ಅರ್ಥವಾಯಿತು. ರಂಗದ ದೀಪ ಕಣ್ಣಿಗೆ ಬಿದ್ದಾಗ ಅವರಿಗೆ ಒಂದು ಮುಖವೂ ಕಾಣುತ್ತಿರಲಿಲ್ಲ. ಮುಖವೇ ಇಲ್ಲದೆ ಆ ಪದ ಹುಟ್ಟುವುದಿಲ್ಲ. ಪ್ರದರ್ಶನದ ದಿನ ಸಭಾಂಗಣದ ದೀಪ ಅರ್ಧ ಉರಿಯಲು ಬಿಟ್ಟೆವು, ಸುಣ್ಣದ ಗುರುತು ಅಳಿಸಿದೆವು. ಹಾರ್ಮೋನಿಯಂ ನಾನು ತೆಗೆಯಲೇ ಇಲ್ಲ. ಉಳಿದ ವಾದ್ಯಗಳನ್ನು ತುಂತುಣಿಯ ಶ್ರುತಿಗೆ ಕಟ್ಟಿದೆವು.

ಹಬೀಬ್ ಕೂಡ ಕೊನೆಗೆ ಮಾಡಿದ್ದು ಇದನ್ನೇ. 1970ರ ಆಸುಪಾಸಿನಲ್ಲಿ ಅವರು ಎರಡೂ ಕಟ್ಟು ಬಿಚ್ಚಿದರು. ನಿಮ್ಮ ಮಾತಲ್ಲೇ ಆಡಿ ಅಂದರು. ನಿಮಗೆ ತೋಚಿದ ಕಡೆ ನಡೆಯಿರಿ ಅಂದರು. 1973ರಲ್ಲಿ ರಾಯಪುರದಲ್ಲಿ ನಾಚಾ ಕಲಾವಿದರ ದೊಡ್ಡ ಕಮ್ಮಟ ನಡೆಸಿದರು. ಹಳೆಯ ಮೂರು ನಾಚಾ ಕಥೆಗಳನ್ನು ಹೆಣೆದು ಒಂದೇ ನಾಟಕ ಮಾಡಿದರು, ಪೂರ್ತಿ ಛತ್ತೀಸಗಡಿಯಲ್ಲಿ, ಮೈತುಂಬ ಹಾಡು. ದಿಲ್ಲಿಯ ಜನಕ್ಕೆ ಮಾತು ಪೂರ್ತಿ ತಿಳಿಯದಿದ್ದರೂ ನಾಟಕ ಗೆದ್ದಿತು. ಅಲ್ಲಿಂದ ಮುಂದೆ ಕಥೆ ಹುಟ್ಟುವುದು ತಾಲೀಮಿನಲ್ಲಿ, ಬರಹ ಆಮೇಲೆ ಅಂತಾಯಿತು.

ಪ್ರೇರಣೆ ಎಲ್ಲಿಂದ ಅಂತ ಕೇಳಿದ್ದೀರಿ. ಬ್ರೆಕ್ಟ್ ಹೆಸರನ್ನು ಎಲ್ಲರೂ ಹೇಳುತ್ತಾರೆ. ಹಾಡು ಬಂದು ಕಥೆಯನ್ನು ನಿಲ್ಲಿಸಿ, ಸ್ವಲ್ಪ ಯೋಚನೆ ಮಾಡು ಅನ್ನುವುದು ಅಲ್ಲಿಯೂ ಉಂಟು, ಸರಿ. ಚಿಕ್ಕಂದಿನಲ್ಲಿ ನೆಂಟರ ಹಳ್ಳಿಗಳಿಗೆ ಹೋದಾಗ ಕೇಳಿದ ಹಾಡುಗಳಿವೆ, ಮುಂಬೈಯಲ್ಲಿ ಇಪ್ಟಾ ಅನ್ನುವ ಎಡಪಂಥೀಯ ರಂಗಸಂಘಟನೆ ಜೊತೆ ಕಳೆದ ದಿನಗಳಿವೆ. ನನ್ನನ್ನು ಕೇಳಿದರೆ ಇದೆಲ್ಲಕ್ಕಿಂತ ದೊಡ್ಡ ಬೀಜ 'ಆಗ್ರಾ ಬಜಾರ್'ನಲ್ಲಿದೆ. ಅದು 1954ರ ನಾಟಕ, ಅವರಿನ್ನೂ ಯುರೋಪು ನೋಡಿರಲಿಲ್ಲ.

ನಜೀರ್ ಅಕ್ಬರಾಬಾದಿ ಅಂತ 18ನೇ ಶತಮಾನದಲ್ಲಿ ಹುಟ್ಟಿದ ಒಬ್ಬ ಉರ್ದು ಕವಿ, ಆಗ್ರಾದವನು. ರೊಟ್ಟಿ, ಗಾಳಿಪಟ, ಕರಡಿಮರಿ, ಜಾತ್ರೆ, ಹೋಳಿ ಇವೆಲ್ಲ ಅವನಿಗೆ ಪದ್ಯದ ವಸ್ತು. ಪಂಡಿತರು ಇವನದು ಬೀದಿಯ ಮಾತು ಅಂತ ಪಕ್ಕಕ್ಕಿಟ್ಟರು. ಹಬೀಬ್ ನಾಟಕದಲ್ಲಿ ಒಂದು ಬಜಾರು. ಒಂದು ಪುಸ್ತಕದ ಅಂಗಡಿ, ಅಲ್ಲಿ ವಿದ್ವಾಂಸರು ಕೂತು ಕವಿತೆ ಹಾಳಾಯಿತು ಅಂತ ಮಾತಾಡುತ್ತಾರೆ. ಎದುರಿಗೆ ಗಾಳಿಪಟದ ಅಂಗಡಿ, ಅಲ್ಲಿ ನಜೀರನ ಪದ್ಯ ಎಲ್ಲರ ಬಾಯಲ್ಲಿದೆ. ನಡುವೆ ಒಬ್ಬ ಬಡಪಾಯಿ, ಎಳೆ ಸೌತೆಕಾಯಿ ಮಾರುವವನು. ವ್ಯಾಪಾರವೇ ಇಲ್ಲ. ನನ್ನ ಸೌತೆಕಾಯಿ ಮೇಲೆ ಯಾರಾದರೂ ಒಂದು ಪದ್ಯ ಬರೆದುಕೊಟ್ಟರೆ ಹಾಡಿಕೊಂಡು ಮಾರುತ್ತೇನೆ ಅಂತ ಅವನ ಆಸೆ. ದೊಡ್ಡ ಕವಿಗಳು ಓಡಿಸುತ್ತಾರೆ. ಕೊನೆಗೆ ನಜೀರ್ ಬರೆದುಕೊಡುತ್ತಾನೆ, ಸೌತೆಕಾಯಿ ಖಾಲಿಯಾಗುತ್ತದೆ. ನಜೀರ್ ಮಾತ್ರ ನಾಟಕದಲ್ಲಿ ಒಮ್ಮೆಯೂ ರಂಗಕ್ಕೆ ಬರುವುದಿಲ್ಲ. ಅವನ ಹಾಡು ಬರುತ್ತದೆ, ಹಾಡುವ ಜನ ಬರುತ್ತಾರೆ. ಆಡಿದವರಲ್ಲಿ ದಿಲ್ಲಿಯ ಜಾಮಿಯಾ ಮಿಲಿಯಾ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳೂ ಇದ್ದರು, ಪಕ್ಕದ ಓಖ್ಲಾ ಹಳ್ಳಿಯ ಜನರೂ ಇದ್ದರು.

ಮಾಸ್ತರೇ, ಇಲ್ಲಿ ಸ್ವಲ್ಪ ನಿಲ್ಲಿ. ಸೌತೆಕಾಯಿ ಮಾರುವವನು ನನ್ನ ಬಡತನದ ಮೇಲೆ ಪದ್ಯ ಬರೆಯಿರಿ ಅನ್ನಲಿಲ್ಲ, ಅಲ್ವಾ? ಸೌತೆಕಾಯಿ ಮೇಲೆ ಬರೆಯಿರಿ ಅಂದ. ಅವನಿಗೆ ತನ್ನ ಸರಕಿನ ಮೇಲೆ ಹೆಮ್ಮೆ ಇತ್ತು. ನೀವು ಪತ್ರದಲ್ಲಿ 'ಅವರ ಕಷ್ಟದ ಬದುಕಿನ ಮೇಲೆ' ಅಂತ ಬರೆದಿದ್ದೀರಿ. ಅದನ್ನು ಅವರು ಕೇಳಿದರಾ, ನೀವೇ ಅಂದುಕೊಂಡಿರಾ? ಹಗಲುವೇಷದವರು ರಾಮ, ರಾವಣ, ಭೀಮ, ಬೇಡರ ಕಣ್ಣಪ್ಪ ಎಲ್ಲ ಆಗಬಲ್ಲವರು. ಅವರಿಗೆ ಹರಕು ಬಟ್ಟೆ ಉಡಿಸಿ, ನಿಮ್ಮ ಹಸಿವನ್ನು ತೋರಿಸಿ ಅಂದರೆ, ಅವರಿಗೆ ಬರುವ ವಿದ್ಯೆಯನ್ನೆಲ್ಲ ಕಸಿದುಕೊಂಡ ಹಾಗೆ. ಹಬೀಬ್ ತಮ್ಮ ನಟರಿಗೆ ಕೊಟ್ಟದ್ದು ಶೂದ್ರಕನನ್ನು, ಮುಂದೆ 1990ರ ದಶಕದಲ್ಲಿ ಶೇಕ್ಸ್‌ಪಿಯರನನ್ನು ಕೂಡ. ಅವರ ತಂಡದ ನಟಿ ಫಿದಾಬಾಯಿ ದೇವಾರ್ ಸಮುದಾಯದವರು. ಊರೂರು ಅಲೆದು ಹಾಡಿ ಬದುಕುವ ಜನ ಅವರು. 'ಚರಣದಾಸ್ ಚೋರ್'ನಲ್ಲಿ ಫಿದಾಬಾಯಿ ರಾಣಿ.

ಆ ನಾಟಕದ ಬಗ್ಗೆ ಸ್ವಲ್ಪ ಹೇಳಲೇಬೇಕು. ಕನ್ನಡದಲ್ಲೂ 'ಚೋರ ಚರಣದಾಸ' ಅಂತ ಆಡುತ್ತಾರೆ, ನೀವು ನೋಡಿರಬಹುದು. ಕಥೆ ರಾಜಸ್ಥಾನದ್ದು, ವಿಜಯದಾನ್ ದೇಥಾ ಹೇಳಿದ್ದು. ಒಬ್ಬ ಕಳ್ಳ ಗುರುವಿನ ಮುಂದೆ ಸುಮ್ನೆ ತಮಾಷೆಗೆ ನಾಲ್ಕು ಆಣೆ ಮಾಡುತ್ತಾನೆ. ಚಿನ್ನದ ತಟ್ಟೆಯಲ್ಲಿ ಉಣ್ಣುವುದಿಲ್ಲ, ಆನೆ ಮೇಲೆ ಮೆರವಣಿಗೆ ಹೋಗುವುದಿಲ್ಲ, ರಾಣಿಯನ್ನು ಮದುವೆಯಾಗುವುದಿಲ್ಲ, ರಾಜನಾಗುವುದಿಲ್ಲ. ಕಳ್ಳನಿಗೆ ಇವೆಲ್ಲ ಎಲ್ಲಿ ಬರಬೇಕು? ಗುರು ತನ್ನದೊಂದು ಸೇರಿಸುತ್ತಾನೆ: ಸುಳ್ಳು ಹೇಳಬೇಡ. ಆಮೇಲೆ ಒಂದೊಂದಾಗಿ ಎಲ್ಲವೂ ಅವನ ಬಾಗಿಲಿಗೇ ಬರುತ್ತವೆ. ಒಂದೊಂದನ್ನೂ ಬೇಡ ಅನ್ನುತ್ತಾನೆ. ಕೊನೆಗೆ ರಾಣಿಯೇ ಕೈಹಿಡಿ ಅನ್ನುತ್ತಾಳೆ. ಆಗುವುದಿಲ್ಲ ಅನ್ನುತ್ತಾನೆ. ಹಾಗಾದರೆ ಈ ಮಾತು ಹೊರಗೆ ಹೇಳಬೇಡ ಅನ್ನುತ್ತಾಳೆ. ಸುಳ್ಳು ಹೇಳದವನು ಅದಕ್ಕೂ ಒಪ್ಪಲಾರ. ಜೀವ ಹೋಗುತ್ತದೆ.

ಈ ಕಥೆಯನ್ನು ಭಿಲಾಯಿಯ ಕಮ್ಮಟದಲ್ಲಿ ಹಬೀಬ್ ತಾಲೀಮಿಗೆ ತೆಗೆದುಕೊಂಡರು. ಆ ಸೀಮೆಯಲ್ಲಿ ಸತ್ನಾಮಿಗಳು ಜಾಸ್ತಿ. ಮುಟ್ಟಿಸಿಕೊಳ್ಳದವರು ಅಂತ ಊರಿನ ಹೊರಗಿಟ್ಟಿದ್ದ ಜನ. ಗುರು ಘಾಸೀದಾಸರ ದಾರಿ ಹಿಡಿದು, ಸತ್ಯವೇ ದೇವರು ಅಂತ ನಂಬಿದವರು. ಸತ್ಯಕ್ಕಾಗಿ ಸಾಯುವ ಕಳ್ಳನ ಕಥೆ ಅವರ ನಂಬಿಕೆಯ ಮೇಲೆ ಬಂದು ಕೂತಿತು. ಅವರ ಪಂಥೀ ಕುಣಿತ ನಾಟಕದೊಳಗೆ ಬಂತು, ಗಂಡಸರು ಸುತ್ತುಗಟ್ಟಿ, ಮಾಂದರ್ ಬಡಿತ ಏರಿದ ಹಾಗೆ ಹೆಜ್ಜೆಯೂ ಏರುವ ಕುಣಿತ. ಹಾಡುಗಳನ್ನು ಗಂಗಾರಾಮ್ ಸಖೇತ್, ಸ್ವರ್ಣಕುಮಾರ್ ಸಾಹೂ ಅವರಂಥ ಅಲ್ಲಿನ ಕವಿಗಳಿಂದಲೇ ಬರೆಸಿದರು. ಗಮನಿಸಿ, ಹಬೀಬ್ ತಾವೇ ಕವಿ, ರಾಗ ಬಲ್ಲವರು. ಆದರೂ ಪೆನ್ನು ಆ ಕಡೆ ಕೊಟ್ಟರು. ದೇಥಾ ಕಥೆಯ ಕೊನೆಯನ್ನು ಬದಲಾಯಿಸಿದರು. ನಾಟಕದಲ್ಲಿ ಸತ್ತ ಕಳ್ಳನನ್ನು ಜನ ಪೂಜಿಸಲು ಶುರುಮಾಡುತ್ತಾರೆ. ಆ ಮುಕ್ತಾಯ ಪಂಥೀಯ ಊರಿನಲ್ಲಿ ಮಾತ್ರ ಹೊಳೆಯಬಹುದಾದದ್ದು ಅಂತ ನನಗನ್ನಿಸುತ್ತದೆ. 1975ರಲ್ಲಿ ದಿಲ್ಲಿಗೆ ಬಂತು. 1982ರಲ್ಲಿ ಎಡಿನ್‌ಬರೋ ನಾಟಕೋತ್ಸವದಲ್ಲಿ ಫ್ರಿಂಜ್ ಫಸ್ಟ್ ಪ್ರಶಸ್ತಿ ಗೆದ್ದಿತು. ಮಾತು ಛತ್ತೀಸಗಡಿಯೇ.

ಬದ್ಧತೆ ಅನ್ನುವ ಮಾತು ಬಳಸುವುದು ಸುಲಭ. ಹಬೀಬ್ ವಿಷಯದಲ್ಲಿ ಅದಕ್ಕೆ ಲೆಕ್ಕವಿದೆ. 1959ರಿಂದ 2009ರಲ್ಲಿ ತೀರಿಕೊಳ್ಳುವವರೆಗೆ ಐವತ್ತು ವರ್ಷ ಅದೇ ತಂಡ. 'ಬಹಾದುರ್ ಕಲಾರಿನ್' ಸಾರಾಯಿ ಮಾರುವ ಹೆಂಗಸೊಬ್ಬಳ ಕಥೆ, ಒಂದು ಹಳ್ಳಿಯವರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದದ್ದು. 'ಹಿರ್ಮಾ ಕೀ ಅಮರ್ ಕಹಾನಿ' 1966ರಲ್ಲಿ ಪೊಲೀಸರ ಗುಂಡಿಗೆ ಸತ್ತ ಬಸ್ತರದ ಅರಸ ಪ್ರವೀರ್ ಚಂದ್ರ ಭಂಜದೇವ್ ನೆನಪಿನಿಂದ ಹುಟ್ಟಿದ್ದು, ಆದಿವಾಸಿಗಳಿಗೆ ಯಾವ ಅಭಿವೃದ್ಧಿ ಬೇಕು ಅಂತ ಕೇಳುವ ನಾಟಕ. 'ಪೋಂಗಾ ಪಂಡಿತ್' ಅಂತೂ ನಾಚಾದವರು 1930ರ ದಶಕದಿಂದಲೇ ಆಡುತ್ತಿದ್ದ ಹಳೆಯ ಹಾಸ್ಯ. ಕಸ ಗುಡಿಸುವ ಹೆಣ್ಣುಮಗಳು, ಗುಡಿಯ ಪಂಡಿತ, ಮೈಲಿಗೆ, ಇಷ್ಟೇ ವಸ್ತು. ಹಳ್ಳಿಗಳಲ್ಲಿ ಜನ ನಕ್ಕು ನೋಡುತ್ತಿದ್ದದ್ದಕ್ಕೆ 1992ರ ನಂತರ ಗಲಾಟೆ ಶುರುವಾಯಿತು. 2003ರಲ್ಲಿ ಮಧ್ಯಪ್ರದೇಶದ ಊರೂರಲ್ಲಿ ಹಿಂದುತ್ವ ಸಂಘಟನೆಗಳವರು ಪ್ರದರ್ಶನ ತಡೆಯಲು ನೋಡಿದರು. ಆಗ ಹಬೀಬ್ ಅವರಿಗೆ ಎಂಬತ್ತು. ನಾಟಕ ನಿಲ್ಲಿಸಲಿಲ್ಲ.

ನಮ್ಮ ಕಡೆಯದೂ ಒಂದು ಮಾತು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬಿ.ವಿ. ಕಾರಂತರು ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ಆಡಿಸಿದಾಗ ಉತ್ತರ ಕರ್ನಾಟಕದ ಬಯಲಾಟದ ಹಾಡು ಊರಿಗೇ ಹುಚ್ಚು ಹಿಡಿಸಿತು. ಅದು ನಮ್ಮ ದೊಡ್ಡ ಭಾಗ್ಯ. ಆದರೆ ಅಲ್ಲಿ ರಂಗಕ್ಕೆ ಬಂದದ್ದು ಬಯಲಾಟದ ರೂಪ. ಆಡಿದವರು ಹೆಚ್ಚಾಗಿ ಓದಿದ ಹವ್ಯಾಸಿಗಳು. ಹಬೀಬ್ ಆ ರೂಪದ ಒಡೆಯರನ್ನೇ ಕರೆತಂದರು. ಎರಡೂ ಬೇಕಾದ ಕೆಲಸವೇ, ಆದರೆ ಎರಡೂ ಒಂದೇ ಅಲ್ಲ. ನೀವು ಕೇಳುತ್ತಿರುವುದು ಎರಡನೆಯದನ್ನು. ಹೆಗ್ಗೋಡಿನ ನೀನಾಸಮ್ 1980ರ ದಶಕದಲ್ಲಿ ಮಂಚಿಕೇರಿಯ ಸಿದ್ದಿಗಳ ಜೊತೆ ಮಾಡಿದ ಕೆಲಸ ಈ ದಾರಿಗೆ ಹತ್ತಿರ. ಆಮೇಲೆ ಸಿದ್ದಿ ಹುಡುಗ ಹುಡುಗಿಯರೇ ನಾಟಕ ಕಲಿತು ರಂಗಕ್ಕೆ, ಸಿನಿಮಾಕ್ಕೆ ಬಂದರು.

ಇನ್ನು ನೋಯಿಸುವ ಸಂಗತಿಗಳು. ಅವನ್ನು ಬಿಟ್ಟರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಚರಣದಾಸನ ಪಾತ್ರದಿಂದ ಹೆಸರಾದ ಗೋವಿಂದರಾಮ್ ನಿರ್ಮಲ್‌ಕರ್ ಅವರಿಗೆ 2009ರಲ್ಲಿ ಪದ್ಮಶ್ರೀ ಬಂತು. ಆದರೂ ಅವರ ಕೊನೆಯ ವರ್ಷಗಳು ಬಡತನ, ಕಾಯಿಲೆಯಲ್ಲೇ ಕಳೆದವು. ದೇಶ ಸುತ್ತಿದ ನಟನಿಗೆ ಔಷಧಿಗೆ ಪರದಾಟ. ಅದೇ 2009ರಲ್ಲಿ, ಹಬೀಬ್ ತೀರಿಕೊಂಡ ಕೆಲವೇ ವಾರಗಳಿಗೆ, ಛತ್ತೀಸಗಡ ಸರ್ಕಾರ 'ಚರಣದಾಸ್ ಚೋರ್' ಪುಸ್ತಕವನ್ನು ನಿಷೇಧಿಸಿತು. ಆಕ್ಷೇಪ ಎತ್ತಿದ್ದು ಸತ್ನಾಮಿ ಸಮುದಾಯದ ಗುರುವೊಬ್ಬರು. ನಿಷೇಧ ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಮೂವತ್ತು ವರ್ಷ ಜೊತೆಯಲ್ಲಿ ಹಾಡಿ ಕುಣಿದ ಸಮುದಾಯದ ಒಳಗಿನಿಂದಲೂ ಇದು ನಮ್ಮ ಬಗ್ಗೆ ಸರಿಯಾಗಿ ಹೇಳಿಲ್ಲ ಅನ್ನುವ ದನಿ ಬರಬಹುದು. ಆಡುವಾಗ ಕಣ್ಣೆದುರೇ ಬದಲಾಗುವ ಮಾತು ಅಚ್ಚಾದ ಮೇಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಬರೆದವರ ಹೆಸರಿನಲ್ಲಿ ಕೂರುತ್ತದೆ.

ಹಾಗಾಗಿ ನಿಮ್ಮ ಕೆಲಸದ ಬಗ್ಗೆ ನಾನು ಹೇಳುವುದು ಇಷ್ಟು. ಮೊದಲ ತಿಂಗಳು ಹಾಡು ಬರೆಯಬೇಡಿ. ಅವರ ಜೊತೆ ಒಂದೆರಡು ಊರು ತಿರುಗಿ. ಬಿಡಾರ ಹಾಕಿ, ದಿನಕ್ಕೊಂದು ವೇಷ ಕಟ್ಟಿ, ಕೊನೆಯ ದಿನ ಕಾಳು-ಕಡಿ, ದುಡ್ಡು ಎತ್ತುವುದನ್ನು ನೋಡಿ. ಸುಗ್ಗಿ ಅವರ ದುಡಿಮೆಯ ಕಾಲ. ಆಗ ತಾಲೀಮು ಇಟ್ಟರೆ ಅವರ ವರ್ಷದ ಅನ್ನ ಕಿತ್ತ ಹಾಗೆ. ಬೇರೆ ದಿನಗಳಲ್ಲಿ ಇಡಿ, ತಾಲೀಮಿನ ದಿನಕ್ಕೂ ಕೂಲಿ ಕೊಡಿ. ಕಲೆಯ ಮೇಲಿನ ಪ್ರೀತಿಗೆ ಬರುತ್ತಾರೆ ಅಂತ ಲೆಕ್ಕ ಹಾಕಬೇಡಿ. ನಿಮ್ಮ ಕಡೆಯ ಹಗಲುವೇಷದವರಲ್ಲಿ ಬಹಳ ಮಂದಿ ಬುಡ್ಗ ಜಂಗಮರು, ಮನೆಯಲ್ಲಿ ತೆಲುಗು ಆಡುವವರು. ನಿಮ್ಮ ನಾಟಕದಲ್ಲೂ ಆ ತೆಲುಗು ಇರಲಿ. ಶಾಲೆಯ ಕನ್ನಡಕ್ಕೆ ತಿದ್ದುವ ಚಟ ನಮ್ಮಂಥ ಮಾಸ್ತರರಿಗೆಲ್ಲ ಇರುತ್ತದೆ, ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ನಿಮ್ಮ ರಾಗ ಅವರ ಶ್ರುತಿಗೆ ಇಳಿಯಲಿ. ಕರಪತ್ರದಲ್ಲಿ ಹಾಡಿನ ಪಕ್ಕ ಹೇಳಿಕೊಟ್ಟವರ ಹೆಸರು ಬರಲಿ. ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಮೊದಲು ಕೇಳಿ, ದುಡ್ಡು ಬಂದರೆ ಯಾರಿಗೆಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು. ನಾಟಕವನ್ನು ರಾತ್ರಿ ಆಡಿಸುವ ಯೋಚನೆ ಇದ್ದರೆ ಬಿಡಿ. ಹಗಲುವೇಷ ಅಂತ ಹೆಸರಲ್ಲೇ ಇದೆ. ಬಿಸಿಲಿನಲ್ಲಿ, ಬಣ್ಣದ ಮೇಲಿನ ಬೆವರು ಕಾಣುವಷ್ಟು ಹತ್ತಿರ, ಓಣಿಯಲ್ಲಿ ನಡೆಯುವ ಕಲೆ ಅದು. ಕತ್ತಲೆಯ ಸಭಾಂಗಣಕ್ಕೆ ಎಳೆದು ದೀಪ ಬಿಟ್ಟರೆ ಮೊದಲು ಹೋಗುವುದು ಆ ಹಗಲೇ. ಬೆಳಿಗ್ಗೆ ಹತ್ತಕ್ಕೆ, ಅವರ ಓಣಿಯಲ್ಲೇ ಮೊದಲ ಪ್ರದರ್ಶನ ಇಡಿ. ಅವರ ಮುದುಕರನ್ನು ಮುಂದೆ ಕೂರಿಸಿ. ನಡುವೆ ಯಾರಾದರೂ ಎದ್ದು ಇದು ಹಂಗಲ್ಲಪ್ಪಾ ಅಂದರೆ ಅಲ್ಲೇ ನಿಲ್ಲಿಸಿ, ಹೆಂಗೆ ಅಂತ ಕೇಳಿ, ಅವರು ತೋರಿಸಿದ ಹಾಗೆ ಅಲ್ಲಿಂದ ಮುಂದುವರಿಸಿ. ನಂಬಿ, ನೋಡುವವರು ಅದನ್ನೂ ನಾಟಕ ಅಂತಲೇ ನೋಡುತ್ತಾರೆ.